ಹೆಜ್ಜೇನು ಎದ್ದ ಮಧ್ಯಾಹ್ನ

ಮಾವಿನ ಹೂವಿಗೆ ಯಾವ ಯಾವ ಹುಳ ಬರುತ್ತವೆ ಎಂದು ನೋಡುತ್ತ ನಿಲ್ಲುವುದೇ ಆಗ ನನ್ನ ಕೆಲಸವಾಗಿತ್ತು. ಹಾಗೆಂದರೆ ಮನೆಗೆ ಬಂದ ನೆಂಟರು ನಗುತ್ತಿದ್ದರು. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ ಹುಡುಗಿ ಮರದ ಕೆಳಗೆ ನಿಂತು ನೊಣ ಎಣಿಸುತ್ತಾಳೆ ಎಂದರೆ ಯಾರಿಗಾದರೂ ನಗು ಬರುವಂಥದ್ದೇ. ನಾನೂ ಅವರ ಜೊತೆ ನಕ್ಕುಬಿಡುತ್ತಿದ್ದೆ. ಒಳಗೆ ಮಾತ್ರ ಸ್ವಲ್ಪ ಸೊಕ್ಕು ಇತ್ತು. ಬೆಳಗಾವಿಯ ಖಾಸಬಾಗದ ನಮ್ಮ ಓಣಿಯಲ್ಲಿ, ನಮ್ಮ ಬಳಗದಲ್ಲಿ, ಅಷ್ಟು ಓದಿದ ಹೆಣ್ಣುಮಗಳು ನಾನೊಬ್ಬಳೇ. ಅಬ್ಬಾ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವನು ಅಣ್ಣ. ಅವನಿಗೆ ಫೌಂಡ್ರಿಯಲ್ಲಿ ನೌಕರಿ. ಬೆಳಿಗ್ಗೆ ನನ್ನನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಅವನು ಕೆಲಸಕ್ಕೆ ಹೋಗುತ್ತಿದ್ದ. ಅಮ್ಮೀ ಬಾಗಿಲಲ್ಲಿ ನಿಂತು ನಾವು ತಿರುವು ದಾಟುವ ತನಕ ನೋಡುತ್ತಿದ್ದಳು. ಓಣಿಯಲ್ಲಿ ನಡೆಯುವಾಗ ತಲೆಯ ಮೇಲಿನ ಓಢಣಿ ಒಂದಿಷ್ಟು ಜಾರಿದರೂ ಕೈ ತಾನಾಗಿಯೇ ಮೇಲೆ ಹೋಗಿ ಅದನ್ನು ಸರಿಮಾಡುವಂಥ ಮನೆತನ ನಮ್ಮದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದು ತಿಳಿಯಬೇಕಾದರೆ ಇದು ತಿಳಿದಿರಬೇಕು.

ಖಾನಾಪುರದಲ್ಲಿ ಬಸ್ಸಿಳಿದು ಟಂಟಂ ರಿಕ್ಷಾ ಹಿಡಿದರೆ ನಾನು ಹೋಗುತ್ತಿದ್ದ ಹಳ್ಳಿ. ನಾನು ಕೆಲಸ ಮಾಡುತ್ತಿದ್ದ ಮಾವಿನ ತೋಟ ಊರಿಗೆ ಹೊಂದಿಕೊಂಡೇ ಇತ್ತು. ತೋಟದ ಒಡತಿಯನ್ನು ಕಾಕೂ ಎನ್ನುತ್ತಿದ್ದೆ, ಅವರ ಗಂಡನನ್ನು ಕಾಕಾ. ಅವರ ಮನೆಯಲ್ಲಿ ಮರಾಠಿ, ನಮ್ಮ ಮನೆಯಲ್ಲಿ ಉರ್ದು. ತೋಟದಲ್ಲಿ ಮೂವರಿಗೂ ಕನ್ನಡ. ಕೆಲವು ಹೂಗೊಂಚಲುಗಳಿಗೆ ಬಲೆಯ ಚೀಲ ಕಟ್ಟಿ ಹುಳ ಬರದಂತೆ ಮಾಡುವುದು, ಕೆಲವನ್ನು ಹಾಗೇ ಬಿಡುವುದು, ಮುಂದೆ ಯಾವುದರಲ್ಲಿ ಕಾಯಿ ಚೆನ್ನಾಗಿ ನಿಲ್ಲುತ್ತದೆ ಎಂದು ನೋಡುವುದು, ಇಷ್ಟು ನನ್ನ ಕೆಲಸ. ಬಿಟ್ಟ ಗೊಂಚಲುಗಳ ಮುಂದೆ ನಿಂತು ಬಂದವರನ್ನು ಬರೆದುಕೊಳ್ಳುತ್ತಿದ್ದೆ. ಇರುವೆಯಷ್ಟು ಸಣ್ಣದಾದ, ಚುಚ್ಚಲು ಮುಳ್ಳೇ ಇಲ್ಲದ ಮಿಸರಿ ಜೇನು, ಪೊದೆಯ ಕಡ್ಡಿಗೆ ಒಂದೇ ಹುಟ್ಟು ಕಟ್ಟುವ ಕೋಲುಜೇನು, ಮರದ ಪೊಟರೆಯ ತುಡುವೆ, ತರತರದ ನೊಣಗಳು. ಆಗೊಂದು ಈಗೊಂದು ಹೆಜ್ಜೇನು. ಹೆಜ್ಜೇನು ಬರುತ್ತಿದ್ದದ್ದು ಸಾಲೆಯ ಹಿಂದಿನ, ಕೆಂಪು ಹೂವಿನ ದೊಡ್ಡ ಬೂರಲ ಮರದಿಂದ. ಅದರ ಕೊಂಬೆಗಳ ಕೆಳಗೆ ಮೊರದಗಲದ ಕಪ್ಪು ಹುಟ್ಟುಗಳು ಜೋತುಬಿದ್ದಿರುತ್ತಿದ್ದವು.

ಮಧ್ಯಾಹ್ನ ಕಾಕೂ ಬುತ್ತಿ ಗಂಟು ಹಿಡಿದು ಬರುವರು. ಭಾಕರಿ, ಝುಣಕ, ಒಮ್ಮೊಮ್ಮೆ ಒಣಮೀನಿನ ಚಟ್ನಿ. "ಏನ ತಂಗಿ, ಇವತ್ತ ನಿನ್ನ ಪಾವ್ಣ್ಯಾರು ಎಷ್ಟ ಮಂದಿ ಬಂದಿದ್ರು?" ಎಂದು ಹುಳಗಳನ್ನು ನೆಂಟರಾಗಿಸಿ ಕೇಳುವರು. ಕಾಕಾ ನಮ್ಮ ಎದುರಿಗೇ ಕಾಲು ಮಡಚಿ ಕುಳಿತು, "ಎಲ್ಲಾರ ಹಾಜರಿ ಹಾಕಿದ್ರೇನ್ರಿ ಮೇಡಂ? ಗೈರಹಾಜರ ಇದ್ದವ್ರಿಗೆ ಏನ ಶಿಕ್ಷಾ?" ಎನ್ನುವರು. ದೊಡ್ಡ ನಗು ಅವರದು. ನಗುವಾಗ ಭಾಕರಿ ಹಿಡಿದ ಕೈ ಮೊಣಕಾಲಿಗೆ ಬಡಿಯುತ್ತಿತ್ತು.

ಆ ವರ್ಷ ಮಾವು ತುಂಬ ಚೆನ್ನಾಗಿ ಹೂಬಿಟ್ಟಿತ್ತು. ನಮ್ಮ ವಿಭಾಗದಿಂದ ಆ ಹಳ್ಳಿಯಲ್ಲೇ ರೈತರಿಗೊಂದು ತರಬೇತಿ ಇಡೋಣ ಎಂದು ನನ್ನ ಗೈಡ್ ಸರ್ ಹೇಳಿದರು. ಊರಿನವರೂ ಖುಷಿಯಿಂದ ಒಪ್ಪಿದರು. ರವಿವಾರ ಸಾಲೆಗೆ ರಜೆ, ಮಕ್ಕಳಿರುವುದಿಲ್ಲ, ಅಂಗಳದಲ್ಲೇ ಪೆಂಡಾಲ್ ಹಾಕೋಣ ಎಂದಾಯಿತು. ಯಾರೋ ದೊಡ್ಡವರನ್ನು ಮುಖ್ಯ ಅತಿಥಿಯಾಗಿ ಕರೆದರು. ದೊಡ್ಡವರು ಬರುತ್ತಾರೆಂದರೆ ಫೋಟೋ ಬೇಡವೇ? ಮದುವೆಯ ಫೋಟೋ ತೆಗೆಯುವವನೊಬ್ಬನನ್ನು ಖಾನಾಪುರದಿಂದ ಕರೆಸಿದರು. ಊರ ಪರವಾಗಿ ನನಗೊಂದು ಶಾಲು ಹೊದಿಸುತ್ತಾರೆ ಎಂದು ಕಾಕೂ ಮೊದಲೇ ಗುಟ್ಟು ಬಿಟ್ಟುಕೊಟ್ಟಿದ್ದರು. ಅದಕ್ಕೇ ನಾನು ಹಬ್ಬಕ್ಕೆಂದು ಹೊಲಿಸಿದ್ದ ಕಡುನೀಲಿ ಕಮೀಜು ಹಾಕಿಕೊಂಡಿದ್ದೆ. ಅಮ್ಮೀ ತನ್ನ ಅತ್ತರಿನ ಶೀಶೆಯಿಂದ ಒಂದು ಬೊಟ್ಟು ನನ್ನ ಕೊರಳಿಗೆ ಹಚ್ಚಿದಳು. ಹೆಜ್ಜೇನಿಗೆ ಕಡುಬಣ್ಣ ಆಗದು, ಗಾಢ ವಾಸನೆ ಆಗದು ಎಂದು ಅವತ್ತು ಹಂಚಲು ತಂದಿದ್ದ ಚೀಟಿಯಲ್ಲಿ ನಾನೇ ಬರೆದಿದ್ದೆ. ಆದರೂ ತೋಟಕ್ಕೆ ಹೋಗುವಾಗ ಹಾಕುವ ಬಿಳಿಯ ಅಂಗಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಸತ್ಕಾರಕ್ಕೆ ಯಾರಾದರೂ ಅಂಥ ಅಂಗಿ ಹಾಕಿಕೊಂಡು ಹೋಗುತ್ತಾರೆಯೇ?

ಸರ್ ಮಾತು ಮುಗಿಸಿದರು, ಅತಿಥಿಗಳು ಮಾತು ಮುಗಿಸಿದರು. ನನ್ನ ಸರದಿ ಬಂತು. ಪೆಂಡಾಲಿನ ತುಂಬ ಜನ. ಗಂಡಸರು ಕುರ್ಚಿಗಳ ಮೇಲೆ, ಹೆಂಗಸರು ಜಮಖಾನದ ಮೇಲೆ. ಮೈಕ್ ಹಿಡಿದು ಶುರುಮಾಡಿದೆ.

"ಹೆಜ್ಜೇನ ಅಂದ್ರ ಎಲ್ಲಾರೂ ಅಂಜ್ತಾರ. ಅಂಜೂದೇನೂ ಬ್ಯಾಡ್ರಿ. ನಾವಾಗಿ ಕೆಣಕದ ಇದ್ರ ಅವು ನಮ್ಮ ಗೊಡವಿಗೆ ಬರೂದಿಲ್ಲ. ನಿಮ್ಮೂರ ಬೂರಲ ಮರಾನ ನೋಡ್ರಿ..."

ಎಲ್ಲರೂ ತಿರುಗಿ ಮರದತ್ತ ನೋಡಿದರು. ನಾನೂ ನೋಡಿದೆ. ಫೋಟೋದವನ ಡ್ರೋನ್ ಗುಂಯ್ ಎನ್ನುತ್ತ ಪೆಂಡಾಲಿನ ಮೇಲಿಂದ ಎದ್ದು ನೇರವಾಗಿ ಆ ಮರದ ಕಡೆಗೇ ಹೋಗುತ್ತಿತ್ತು. ಜೇನಿನ ಕಾರ್ಯಕ್ರಮ, ಜೇನುಹುಟ್ಟಿನದೊಂದು ಚಿತ್ರ ಇರಲಿ ಎಂದು ಅವನಿಗೆ ಅನ್ನಿಸಿರಬೇಕು. "ಬ್ಯಾಡ, ಬ್ಯಾಡ, ತಿರುಗಸ್ರಿ ಅದನ್ನ" ಎಂದು ಮೈಕಿನಲ್ಲೇ ಕೂಗಿದೆ. ಅಷ್ಟರಲ್ಲಿ ಹುಟ್ಟಿನ ಮೇಲ್ಮೈ ಒಮ್ಮೆ ಅಲೆಯಂತೆ ಮಿಸುಕಿತು. ಆಮೇಲೆ ಹುಟ್ಟೇ ಕಳಚಿ ಗಾಳಿಗೆ ಬಿದ್ದಂತಾಯಿತು.

ಯಾರೋ ಮರಾಠಿಯಲ್ಲಿ ಚೀರಿದರು. ಕುರ್ಚಿಗಳು ಉರುಳಿದವು. ಜನ ಸಾಲೆಯ ಕೋಣೆಗಳಿಗೆ, ಮನೆಗಳಿಗೆ, ಕಬ್ಬಿನ ಗದ್ದೆಗೆ, ಸಿಕ್ಕ ಸಿಕ್ಕ ಕಡೆ ಓಡಿದರು. ನಾನು ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತೇ ಇದ್ದೆ. ಧೈರ್ಯದಿಂದಲ್ಲ, ಕಾಲು ಏಳಲಿಲ್ಲ. ಅತಿಥಿಗಳ ಕಾರಿನ ಬಾಗಿಲು ಬಡಿದ ಸದ್ದು ಕೇಳಿತು. ಸರ್ ಆ ಕಾರಿನೊಳಗಿದ್ದರು. ಮೊದಲ ಮುಳ್ಳು ಕೊರಳಿಗೆ ಚುಚ್ಚಿತು, ಅತ್ತರು ಹಚ್ಚಿದ ಜಾಗಕ್ಕೇ. ಆಮೇಲೆ ಕಿವಿ, ನೆತ್ತಿ, ಕೈ. ಓಢಣಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಮೀಜಿನ ಕೊರಳಿನಿಂದ, ತೋಳಿನಿಂದ ಹುಳಗಳು ಒಳಗೆ ಹೊಕ್ಕಿದ್ದವು. ಎದೆಯ ಮೇಲೆ, ಬೆನ್ನಿನ ಮೇಲೆ ಸಿಕ್ಕಿಕೊಂಡು ಗುಂಯ್‌ಗುಡುತ್ತಿದ್ದವು. ಬಟ್ಟೆಯೇ ಉರಿಯುತ್ತಿದೆ ಅನ್ನಿಸಿತು. ನಾನು ಆ ಕಮೀಜನ್ನು ಎರಡೂ ಕೈಯಿಂದ ಹರಿದು ತೆಗೆದು ಎಸೆದೆ. ಒಳಗಿನ ಶಮೀಜನ್ನೂ ಎಳೆದು ತೆಗೆದೆ. ಕೂಗುತ್ತ, ಮೈ ಕೊಡವುತ್ತ ವೇದಿಕೆಯಿಂದ ಇಳಿದು ಆ ಅಂಗಳದಲ್ಲಿ ಗಿರಗಿರ ತಿರುಗಿದೆ. ಸುತ್ತ ಸಾಲೆಯ ಕಿಟಕಿಗಳು. ಕಿಟಕಿಗಳಲ್ಲಿ ಮುಖಗಳು.

ಎಷ್ಟು ಹೊತ್ತು ಹಾಗಿದ್ದೆನೋ. ಹಿಂದಿನಿಂದ ಯಾರೋ ಬಂದು ಜಮಖಾನವನ್ನು ನನ್ನ ಮೇಲೆ ಹಾಕಿ, ತಬ್ಬಿ ಹಿಡಿದು, ದರದರ ಎಳೆದುಕೊಂಡು ಹೋದರು. ಕಾಕೂ. ಅವರ ತಲೆಯ ಮೇಲೆ ಸೆರಗೂ ಇರಲಿಲ್ಲ. ಊಟಕ್ಕೆಂದು ಅಡುಗೆ ನಡೆದಿದ್ದ ಬಿಸಿಯೂಟದ ಕೋಣೆಗೆ ನೂಕಿ ಬಾಗಿಲು ಹಾಕಿಕೊಂಡರು. ಅಡುಗೆಯವರು ಓಡಿಹೋಗಿದ್ದರು, ಒಲೆ ಉರಿಯುತ್ತಿತ್ತು. ಕಾಕೂ ಹಸಿ ಸೌದೆ ಒಟ್ಟಿ ಕೋಣೆ ತುಂಬ ಹೊಗೆ ಎಬ್ಬಿಸಿದರು. ಕೆಮ್ಮುತ್ತ ನನ್ನ ಬೆನ್ನಿನ ಮುಳ್ಳುಗಳನ್ನು ಉಗುರಿನಿಂದ ಕೆರೆದು ತೆಗೆದರು.

"ಕುಂದರ ತಂಗಿ, ಕುಂದರ. ನಾ ಅದೇನಿ. ಅಳಬ್ಯಾಡ."

"ಎಲ್ಲಾರೂ ನೋಡಿದ್ರು ಕಾಕೂ" ಎಂದೆ ನಾನು. ನನ್ನ ಬಾಯಿಂದ ಬಂದ ಮೊದಲ ಮಾತು ಅದೇ. ಅವರ ಕಣ್ಣಿನ ಸುತ್ತ ಮುಳ್ಳುಗಳು ಹಾಗೇ ನೆಟ್ಟಿದ್ದವು. ಅದನ್ನು ನಾನು ನೋಡಿದ್ದು ಆಮೇಲೆ.

"ಯಾರ ನೋಡ್ತಾರ? ತಮ್ಮ ತಮ್ಮ ಜೀವಾ ಉಳಿಸ್ಕೊಳ್ಳೂದ್ರಾಗ ಇದ್ರು ಎಲ್ಲಾರೂ" ಎಂದರು ಕಾಕೂ. ಅದು ಖರೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹುಳಗಳು ಇಳಿದ ಮೇಲೆ ಕಾಕೂನ ಮನೆಯಿಂದ ಒಂದು ಹಸಿರು ಸೀರೆ, ನನಗೆ ದೊಗಳೆಯಾಗುವ ಕುಪ್ಪಸ ಬಂದವು. ಸರ್ ಕಾರಿನಿಂದ ಇಳಿದು ಬಂದರು. ಅವರ ಮೈಗೆ ಒಂದೂ ಮುಳ್ಳು ತಾಗಿರಲಿಲ್ಲ. ನನ್ನ ಮುಖ ನೋಡದೆ, "ನಿಂತಲ್ಲೇ ಅಲುಗಾಡದೆ ನಿಂತಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದರು. ಅದೇ ಕಾರಿನಲ್ಲಿ ನಮ್ಮಿಬ್ಬರನ್ನೂ ಖಾನಾಪುರದ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ನನಗೆ ಇಂಜೆಕ್ಷನ್ ಕೊಟ್ಟರು. ಕಾಕೂಗೆ ಅಷ್ಟರಿಂದ ಆಗಲಿಲ್ಲ. ರಕ್ತದೊತ್ತಡ ಇಳಿಯುತ್ತಿದೆ ಎಂದು ಬೆಳಗಾವಿಗೆ ಕಳಿಸಿದರು. ಆ್ಯಂಬುಲೆನ್ಸಿನಲ್ಲಿ ಅವರ ಕೈ ಹಿಡಿದು ಕುಳಿತಿದ್ದೆ. ಕೈ ಉಬ್ಬಿ ಬಳೆಗಳು ಮಾಂಸದೊಳಗೆ ಹೂತಿದ್ದವು. ಅವರು ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದರ ನಡುವೆಯೇ ಯಾವ ಕಿಟಕಿಯಲ್ಲಿ ಯಾರು ಇದ್ದರು ಎಂದು ನೆನೆಸಿಕೊಳ್ಳುತ್ತಲೂ ಇದ್ದೆ. ಎರಡೂ ಒಟ್ಟಿಗೇ ನಡೆದಿತ್ತು.

ಬೆಳಗಾವಿಯ ವಾರ್ಡಿಗೆ ಅಮ್ಮೀ, ಅಣ್ಣ ಓಡಿಬಂದರು. ನನ್ನ ಮೈಮೇಲಿನ ಸೀರೆ ನೋಡಿ ಅಮ್ಮೀ, "ಇದ್ಯಾರದು?" ಎಂದಳು. ನನ್ನ ಬಟ್ಟೆ ಕೆಸರಾಗಿತ್ತು ಎಂದೆ. ಕಾಕೂ ಕಣ್ಣು ತೆರೆಯಲಾರದೆ ಮಲಗಿದ್ದರು. ಕಾಕಾ ವಾರ್ಡಿನೊಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ನಾನು ಹಾದುಹೋದಾಗ ಮುಖ ಆ ಕಡೆ ತಿರುಗಿಸಿದರು. ನಾನು ಸೀರೆಯ ಸೆರಗನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡೆ.

ಎರಡು ದಿನ ಬಿಟ್ಟು ಕಾಕೂ ಊರಿಗೆ ಹೋದರು. ನನ್ನ ಬಾವೂ ಇಳಿಯಿತು. ಆ ವಾರದಲ್ಲೇ ಒಂದು ಸಂಜೆ ಅಣ್ಣ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಅಡುಗೆಮನೆಗೆ ಬಂದು ನಿಂತ. ಅಮ್ಮೀ ರೊಟ್ಟಿ ಬೇಯಿಸುತ್ತಿದ್ದಳು.

"ನಾಳೆಯಿಂದ ನೀನು ಖಾನಾಪುರಕ್ಕೆ ಹೋಗೂದು ಬೇಡ" ಎಂದ ನನಗೆ, ಉರ್ದುವಿನಲ್ಲಿ.

ಯಾಕೆ ಎಂದು ನಾನು ಕೇಳಲಿಲ್ಲ. ಅಮ್ಮೀ ಕೇಳಿದಳು. ಅಣ್ಣ ಹೇಳಿದ. ಫೌಂಡ್ರಿಯಲ್ಲಿ ಊಟದ ಹೊತ್ತಿಗೆ ಖಾನಾಪುರ ಕಡೆಯ ಒಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದನಂತೆ. ಜನ ಓಡುವುದು, ಬೀಳುವುದು. ಎಲ್ಲರೂ ನಗುತ್ತಿದ್ದರಂತೆ. "ನಾನೂ ನಕ್ಕೆ ಅಮ್ಮೀ" ಎಂದ ಅಣ್ಣ. "ಇವಳು ಅಂತ ಗೊತ್ತಾಗೂ ತನಕ ನಾನೂ ನಗ್ತಾ ಇದ್ದೆ."

ಅವನ ಕಣ್ಣುಗಳು ಕೆಂಪಾಗಿದ್ದವು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಗೋಡೆಗೆ ಮುಖ ಮಾಡಿ ನಿಂತೆ. ನೆಲ ಬಾಯ್ಬಿಟ್ಟು ನುಂಗಬಾರದೇ ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಅದು ಬರಿಯ ಮಾತಲ್ಲ ಎಂದು ಅವತ್ತು ತಿಳಿಯಿತು. ಕಣ್ಣು ನಿಜಕ್ಕೂ ನೆಲವನ್ನೇ ಹುಡುಕುತ್ತದೆ.

"ತೋರಿಸು" ಎಂದಳು ಅಮ್ಮೀ.

"ಅಮ್ಮೀ, ಬೇಡ."

"ಊರೆಲ್ಲ ನೋಡಿದ್ದನ್ನ ಹೆತ್ತವಳು ನೋಡಬಾರದಾ? ತೋರಿಸು."

ಅಣ್ಣ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದ, ಯಾರು ತೆಗೆದದ್ದು ಎಂದು ಹುಡುಕಲು. ಅಮ್ಮೀ ಒಲೆ ಆರಿಸಿ, ಕೈಯ ಹಿಟ್ಟು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಕುಳಿತಳು. ನನಗೆ ಸದ್ದು ಮಾತ್ರ ಕೇಳುತ್ತಿತ್ತು. ನನ್ನದೇ ಕೂಗು. ಅದು ಮುಗಿಯಿತು. ಅಮ್ಮೀ ಮತ್ತೊಮ್ಮೆ ಹಾಕಿಸಿ ಕೊನೆಯವರೆಗೂ ನೋಡಿದಳು.

"ಜಮಖಾನ ಹೊದಿಸಿದ ಹೆಂಗಸು, ಆಸ್ಪತ್ರೆಯಲ್ಲಿ ಮಲಗಿದ್ದಳಲ್ಲ, ಅವಳೇ ಏನು?"

ಹೌದೆಂದೆ.

"ಅವಳ ಸೀರೆ ಒಗೆದು ಕೊಟ್ಟೆಯಾ?"

ಇಲ್ಲ. ಅದು ಇನ್ನೂ ನನ್ನ ಹಾಸಿಗೆಯ ಕೆಳಗೆ ಮುದುಡಿ ಬಿದ್ದಿತ್ತು. ನೋಡಲಾರದೆ ಅಲ್ಲಿ ತುರುಕಿದ್ದೆ. ಅಮ್ಮೀ ಅದನ್ನು ಹುಡುಕಿ ತೆಗೆದು, ಅವತ್ತೇ ತನ್ನ ಕೈಯಾರೆ ಒಗೆದು ಹಿತ್ತಲಿನಲ್ಲಿ ಹಾಕಿದಳು. ಅಣ್ಣನಿಗೆ, "ರವಿವಾರ ಇವಳನ್ನೂ ನನ್ನನ್ನೂ ಖಾನಾಪುರದ ಬಸ್ಸಿಗೆ ಬಿಡು" ಎಂದಳು. ಅವನು ಏನೋ ಹೇಳಹೋದ. "ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರಲು ಇವಳೇನು ಕದ್ದಿದ್ದಾಳಾ?" ಎಂದಳು. ಅವಳಿಗೂ ನಾಚಿಕೆಯಾಗಿತ್ತು. ಎಷ್ಟೋ ತಿಂಗಳು ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂರಲು ಅವಳು ಹೋಗಲಿಲ್ಲ. ಕಾಲುನೋವು ಎಂದು ಹೇಳುತ್ತಿದ್ದಳು.

ಖಾನಾಪುರದಿಂದ ಟಂಟಂನಲ್ಲಿ ಹಳ್ಳಿಗೆ ಹೋಗುವಾಗ ಯಾರಾದರೂ ಮಾತಾಡಿಸಿಯಾರು ಎಂದು ಓಢಣಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದೆ. ಯಾರೂ ಮಾತಾಡಿಸಲಿಲ್ಲ. ಚಹಾದಂಗಡಿಯ ಮುಂದೆ ಕುಳಿತ ಗಂಡಸರು, ದಿನವೂ "ಬಂದ್ರೇನ್ರಿ ಮೇಡಂ" ಎನ್ನುತ್ತಿದ್ದವರು, ನನ್ನನ್ನು ಕಂಡದ್ದೇ ತಲೆ ತಗ್ಗಿಸಿ ಬಸಿಯಲ್ಲಿನ ಚಹಾ ನೋಡತೊಡಗಿದರು. ನಕ್ಕಿದ್ದರೂ ಇದಕ್ಕಿಂತ ಮೇಲಿತ್ತು.

ಕಾಕೂ ಅಂಗಳದಲ್ಲಿದ್ದರು. ಮುಖದ ಬಾವು ಇಳಿದು ಕಣ್ಣಿನ ಸುತ್ತ ಕಪ್ಪು ಉಳಿದಿತ್ತು. ಅಮ್ಮೀಗೆ ಮರಾಠಿ ಬಾರದು, ಕನ್ನಡ ಸಂತೆಯಷ್ಟು. ಕಾಕೂಗೆ ಉರ್ದು ಬಾರದು. ಅಮ್ಮೀ ಇಸ್ತ್ರಿ ಮಾಡಿದ ಹಸಿರು ಸೀರೆಯನ್ನು, ಅದರ ಮೇಲೊಂದು ಹೊಸ ಕುಪ್ಪಸದ ಬಟ್ಟೆಯನ್ನು ಎರಡೂ ಕೈಯಿಂದ ಕೊಟ್ಟಳು. ಏನೋ ಹೇಳಬೇಕೆಂದು ಬಸ್ಸಿನಲ್ಲೆಲ್ಲ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು ಬಂದಿದ್ದಳು. ಹೊರಬಂದದ್ದು ಇಷ್ಟೇ: "ಬಾಯೀ, ನನ್ನ ಮಗಳು... ನೀವು..."

"ಅಯ್ಯ, ಒಳಗ ಬರ್ರಿ ಅಕ್ಕಾ. ಬಿಸಲಾಗ ಬಂದೀರಿ. ಕುಂದರ್ರಿ, ಚಹಾ ಇಡ್ತೇನಿ" ಎಂದರು ಕಾಕೂ.

ಇಬ್ಬರೂ ಪಕ್ಕಪಕ್ಕ ಕುಳಿತು ಚಹಾ ಕುಡಿದರು. ಅಮ್ಮೀ ಕಾಕೂನ ಕೈ ಹಿಡಿದು ತಿರುಗಿಸಿ ತಿರುಗಿಸಿ ಗಾಯಗಳನ್ನು ನೋಡಿದಳು. ಆಮೇಲೆ ಚೀಲದಿಂದ ಯಾವುದೋ ಮುಲಾಮು ತೆಗೆದು ತಾನೇ ಹಚ್ಚಿದಳು. ನಾನು ಭಾಷೆ ತಿರುಗಿಸಿ ಹೇಳಲೆಂದು ನಡುವೆ ಕುಳಿತಿದ್ದೆ. ನನ್ನ ಅಗತ್ಯ ಬೀಳಲಿಲ್ಲ.

ಕಾಕಾ ಎಲ್ಲಿ ಎಂದು ಕೇಳಿದೆ. ಹೊಲಕ್ಕೆ ಹೋಗಿದ್ದಾರೆ ಎಂದರು ಕಾಕೂ. ದನದ ಕೊಟ್ಟಿಗೆಯಲ್ಲಿ ಅವರ ಕೆಮ್ಮು ಕೇಳುತ್ತಿತ್ತು.

ನಾನು ಮತ್ತೆ ತೋಟಕ್ಕೆ ಹೋಗತೊಡಗಿದೆ. ಹೂವಿನ ಕಾಲ ನನಗಾಗಿ ಕಾಯುವುದಿಲ್ಲವಲ್ಲ. ಬಿಳಿ ಅಂಗಿ, ಪಾದದ ಗಂಟಿಗೆ ಬಿಗಿದು ಕಟ್ಟಿದ ಪಾಯಿಜಾಮ, ಕೊರಳು ಮುಚ್ಚುವ ಬಟ್ಟೆ. ಮಿಸರಿ ಜೇನು ಕಿವಿಯ ಹತ್ತಿರ ಸುಳಿದರೂ ಮೈ ಬೆವರುತ್ತಿತ್ತು. ಮಧ್ಯಾಹ್ನ ಕಾಕೂ ಬುತ್ತಿ ತರುವರು. ಕಾಕಾ ಬರುತ್ತಿರಲಿಲ್ಲ. ತೋಟದ ಆ ತುದಿಯಲ್ಲಿ ಕುಳಿತು ಒಬ್ಬರೇ ಉಂಡು ಎದ್ದುಹೋಗುವರು. ನನ್ನನ್ನು ಅಂಥ ಸ್ಥಿತಿಯಲ್ಲಿ ನೋಡಿದ ಗಂಡಸು, ಇನ್ನು ಹೇಗೆ ಎದುರಿಗೆ ಕುಳಿತು ಉಂಡಾರು ಎಂದುಕೊಂಡೆ. ಅವರು ಎದ್ದುಹೋಗುವುದನ್ನು ಕಂಡಾಗಲೆಲ್ಲ ನನ್ನ ಕೈ ಕೊರಳಿನ ಬಟ್ಟೆಗೆ ಹೋಗುತ್ತಿತ್ತು.

ಒಂದು ದಿನ ಕಾಕೂ ಬಂದು, "ಪಂಚಾಯಿತಿ ಮುಂದ ಎಲ್ಲಾರೂ ಕೂಡ್ಯಾರ. ನಿನ್ನ ಕರಿಯಾಕತ್ತಾರ" ಎಂದರು. ಹೆಜ್ಜೇನನ್ನು ಸುಟ್ಟುಹಾಕುವ ಮಾತು ಅದು. ಸಾಲೆಯ ಮಕ್ಕಳು ಇರುವ ಜಾಗ, ಇನ್ನೊಮ್ಮೆ ಹೀಗಾದರೆ ಏನು ಗತಿ ಎಂದು ಊರು ಕೇಳುತ್ತಿತ್ತು. ಸುಡಲೇಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು ಕಾಕಾ. ಆದರೂ ಆ ವಿಷಯ ಓದಿದವಳು ಇದ್ದಾಳೆ, ಅವಳನ್ನೊಂದು ಮಾತು ಕೇಳೋಣ ಎಂದು ಯಾರೋ ಹಿರಿಯರು ಅಂದಿದ್ದರು.

ಹೇಳುವುದು ಬೇಕಾದಷ್ಟಿತ್ತು. ಬೇಸಿಗೆ ಕಳೆದರೆ ಅವು ತಾವಾಗಿಯೇ ಎದ್ದುಹೋಗುತ್ತವೆ. ಅಲ್ಲಿಯ ತನಕ ಮರದ ಸುತ್ತ ಬೇಲಿ ಹಾಕಿ, ಹೊಗೆ, ಪಟಾಕಿ, ಆ ಹಾರುವ ಯಂತ್ರ ಯಾವುದೂ ಬೇಡವೆಂದರೆ ಸಾಕು. ಎದ್ದು ನಿಂತೆ. ಅಷ್ಟೂ ಗಂಡಸರು ನೆಲ ನೋಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಆ ಬಾಗಿದ ತಲೆಗಳ ಮುಂದೆ ನನಗೆ ಮತ್ತೆ ಮೈಮೇಲೆ ಬಟ್ಟೆಯಿಲ್ಲದಂತಾಯಿತು. 'ಅವು ನಮ್ಮ ಗೊಡವಿಗೆ ಬರೂದಿಲ್ಲ' ಎಂದು ಮೈಕಿನಲ್ಲಿ ಹೇಳಿದವಳು ಇನ್ನೊಮ್ಮೆ ಅದನ್ನೇ ಯಾವ ಬಾಯಿಂದ ಹೇಳಲಿ?

"ನಿಮಗ ಹೆಂಗ ಸರಿ ಕಾಣ್ತೈತಿ ಹಂಗ ಮಾಡ್ರಿ" ಎಂದು ಹೇಳಿ ತಿರುಗಿ ತೋಟಕ್ಕೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೂರಲ ಮರದ ಕೊಂಬೆಗಳು ಹೊಗೆಯಿಂದ ಕಪ್ಪಾಗಿದ್ದವು. ಕೆಳಗೆ ಕೆಂಪು ಹೂಗಳ ಜೊತೆ ಸತ್ತ ಹುಳಗಳ ರಾಶಿ. ಕೆಲವು ಇನ್ನೂ ತೆವಳುತ್ತಿದ್ದವು, ರೆಕ್ಕೆ ಸುಟ್ಟಿದ್ದವು. ಕರಗಿದ ಮೇಣ ಮಣ್ಣಿಗೆ ಅಂಟಿತ್ತು. ಕಾಕೂ ಕಸಬರಿಗೆ ತಂದು ಗುಡಿಸುತ್ತಿದ್ದರು. "ಪಾಪ. ಆ ಹಾರೂ ಮಶೀನ ಯಾರದ ಅಂತ ಇವಕ್ಕೇನ ಗೊತ್ತ?" ಎಂದರು.

ನನ್ನ ಹೊಟ್ಟೆ ಉರಿಯಬೇಕಿತ್ತು. ಜೇನಿನ ಮೇಲೆ ಪಿಎಚ್.ಡಿ. ಮಾಡುವವಳು ನಾನು. ಆದರೆ ಅನ್ನಿಸಿದ್ದು ಅದಲ್ಲ. ಇನ್ನು ಆ ಸದ್ದು ಇಲ್ಲ, ಇನ್ನು ಆ ಮರದ ಕೆಳಗೆ ಹೆದರದೆ ಹಾಯಬಹುದು ಎಂದು ಎದೆ ಹಗುರಾಯಿತು. ಸರಿಯಾಯಿತು ಎಂದೇ ಒಂದು ಗಳಿಗೆ ಅನ್ನಿಸಿತು. ತೆವಳುತ್ತಿದ್ದ ಒಂದರ ಮೇಲೆ ಚಪ್ಪಲಿಯ ಕಾಲಿಟ್ಟೆ. ನೋವಿನಿಂದ ಬಿಡಿಸಲಿಕ್ಕೆಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅಂಗಳದ ನಾಚಿಕೆ ನನ್ನ ಮೇಲೆ ಬಂದು ಬಿದ್ದದ್ದು. ಇದು ನನ್ನೊಳಗಿನಿಂದಲೇ ಎದ್ದದ್ದು. ಇದನ್ನು ಸರ್‌ಗೆ ಹೇಳಲಿಲ್ಲ, ಅಮ್ಮೀಗೂ ಹೇಳಲಿಲ್ಲ. ಕಾಕೂ ಗುಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಏನು ಕಂಡಿತೋ, ಮತ್ತೆ ಗುಡಿಸತೊಡಗಿದರು.

ಆ ವರ್ಷ ಮಾವು ಚೆನ್ನಾಗಿಯೇ ಕಾಯಿ ಹಿಡಿಯಿತು. ಆ ತೋಟದಲ್ಲಿ ಹೂವಿನ ಕೆಲಸ ಬಹುಪಾಲು ಸಣ್ಣ ಹುಳಗಳದೇ ಆಗಿತ್ತು. ಮಿಸರಿ, ಕೋಲುಜೇನು, ನೊಣಗಳು. ಬಲೆ ಕಟ್ಟಿದ ಗೊಂಚಲುಗಳಲ್ಲಿ ಹೆಸರಿಗೆ ಒಂದೆರಡು ಕಾಯಿ. ನನ್ನ ಪ್ರಬಂಧಕ್ಕೆ ಬೇಕಾದದ್ದು ಸಿಕ್ಕಿತು. ಹೆಜ್ಜೇನು ಸತ್ತದ್ದರಿಂದ ತೋಟಕ್ಕೆ ನಷ್ಟವಾಯಿತು ಎಂದು ಹೇಳಲು ಬಂದಿದ್ದರೆ ಒಂದು ರೀತಿಯಲ್ಲಿ ಸಮಾಧಾನವಾಗುತ್ತಿತ್ತೇನೋ. ಹಾಗೆ ಹೇಳಲೂ ಬರಲಿಲ್ಲ. ಮುಂದಿನ ವರ್ಷ ಮಳೆ ನಿಂತ ಮೇಲೆ ಆ ಮರಕ್ಕೆ ಹೆಜ್ಜೇನು ಬರಲಿಲ್ಲ.

ಎರಡನೆಯ ವರ್ಷದ ಕಾಯಿ ಕಿತ್ತು, ತೂಗಿ, ಕೆಲಸ ಮುಗಿಸಿ ಹೊರಟ ದಿನ ಕಾಕೂ ಒಂದು ಪೆಟ್ಟಿಗೆ ಮಾವಿನಹಣ್ಣು ಕಟ್ಟಿಕೊಟ್ಟರು. "ಅಕ್ಕಗ ಕೊಡ. ಮನಿ ಕಡೆ ಬಂದ ಹೋಗ ಅಂತ ಹೇಳ" ಎಂದರು. ಪೆಟ್ಟಿಗೆ ಹೊರಲು ಭಾರ. ಕಾಕಾ ಬಂದು ಅದನ್ನು ಬೈಕಿಗೆ ಕಟ್ಟಿದರು. "ಹತ್ರಿ" ಎಂದರು. ಖಾನಾಪುರದ ತನಕ ಅವರ ಬೆನ್ನ ಹಿಂದೆ ಕುಳಿತು ಹೋದೆ.

ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಳಿಸಿ ಅವರು ಹೋಗಲಿಲ್ಲ. ಬೆಳಗಾವಿ ಬಸ್ಸು ಇನ್ನೂ ಬಂದಿರಲಿಲ್ಲ. ರಸ್ತೆಯತ್ತ ನೋಡುತ್ತ ನಿಂತವರು ಅಲ್ಲಿಂದಲೇ ಮಾತಾಡಿದರು.

"ನಾ ಅವತ್ತ ಕಬ್ಬಿನಾಗ ಹೊಕ್ಕೊಂಡಿದ್ನಿ."

ಏನೆಂದು ತಿಳಿಯದೆ ನಾನು ಅವರನ್ನೇ ನೋಡಿದೆ.

"ಹೆಂಡ್ತಿ ಅಲ್ಲೇ ಜಮಖಾನದ ಮ್ಯಾಲ ಕುಂತಿದ್ಲು. ನೀವ ಸ್ಟೇಜಿನ ಮ್ಯಾಲಿದ್ರಿ, ನಮ್ಮನಿ ಪಾವ್ಣಿ. ನನಗ ಇಬ್ಬರದೂ ನೆನಪ ಆಗ್ಲಿಲ್ಲ. ಓಡಿದ್ನಿ. ಕಬ್ಬಿನಾಗ ಬೋರಲ ಬಿದ್ದು ತಲಿ ಮುಚ್ಕೊಂಡ ಮಕ್ಕೊಂಡಿದ್ನಿ. ನೀವ ಕೂಗೂದ ಕೇಳಸ್ತಿತ್ತು. ಏಳಲಿಲ್ಲ. ಅಕಿ ಎದ್ದ ಹೋದ್ಲು." ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. "ಊರಾಗಿನ ಗಂಡಸರೆಲ್ಲಾ ಓಡಿದ್ರು. ಅದಕ್ಕ ಯಾರಿಗೂ ನಿಮ್ಮ ಮಾರಿ ನೋಡಾಕ ಆಗವಲ್ದು. ನನಗಂತೂ ಮನ್ಯಾಗ ಅಕಿ ಮಾರೀನೂ ನೋಡಾಕ ಆಗವಲ್ದು."

ಎರಡು ಹೂವಿನ ಕಾಲ ನಾನು ಆ ತಗ್ಗಿದ ತಲೆಗಳನ್ನು ನನ್ನದೇ ಬೆತ್ತಲೆಯ ಲೆಕ್ಕಕ್ಕೆ ಹಾಕಿಕೊಂಡಿದ್ದೆ. ಅವರಿಗೂ ಅವರದೇ ಆದ ನಾಚಿಕೆ ಇರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವರ ಮಾತು ಪೂರ್ತಿ ಖರೆಯೇ, ನನ್ನನ್ನು ಸಮಾಧಾನ ಮಾಡಲು ಸೇರಿಸಿ ಹೇಳಿದ್ದೇ, ಈಗಲೂ ನನಗೆ ಗೊತ್ತಿಲ್ಲ. ಕಿಟಕಿಗಳಲ್ಲಿ ಮುಖಗಳಿದ್ದದ್ದಂತೂ ಖರೆ. ಫೌಂಡ್ರಿಯಲ್ಲಿ ನಕ್ಕದ್ದೂ ಖರೆ.

"ಯಾರಾದ್ರೂ ಓಡ್ತಾರ್ರಿ ಕಾಕಾ. ನಾನೂ ಓಡಬೇಕಾಗಿತ್ತು, ಕಾಲ ಏಳಲಿಲ್ಲ" ಎಂದೆ.

"ಹಂಗಲ್ಲ ಮೇಡಂ" ಎಂದರು. ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡರು.

ಸತ್ತ ಹುಳಗಳ ರಾಶಿಯ ಮುಂದೆ ನಿಂತಾಗ ನನಗೆ ಅನ್ನಿಸಿದ್ದನ್ನು ಅವರಿಗೆ ಹೇಳಿಬಿಡೋಣ ಎಂದು ಬಾಯಿಗೆ ಬಂತು. ಇಷ್ಟೊಂದು ಬಿಚ್ಚಿ ಹೇಳಿದ ಮನುಷ್ಯನಿಗೆ ನಾನೂ ಒಂದು ಮಾತು ಕೊಡಬೇಕಿತ್ತು. ಅಷ್ಟರಲ್ಲಿ ಬಸ್ಸು ಬಂತು, ಜನ ಮುಗಿಬಿದ್ದರು. ಕಾಕಾ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿಕೊಂಡು ಹಿಂದಿನ ಬಾಗಿಲಿನಿಂದ ಹತ್ತಿ, ಒಂದು ಸೀಟಿನ ಕೆಳಗೆ ತಳ್ಳಿ, ಅದೇ ಸೀಟಿನ ಮೇಲೆ ತಮ್ಮ ಟವೆಲ್ ಹಾಕಿ ನನಗೆ ಜಾಗ ಹಿಡಿದರು. ನಾನು ಕುಳಿತ ಮೇಲೆ ಟವೆಲ್ ಎತ್ತಿಕೊಂಡರು. ಆಗ ಒಮ್ಮೆ ನನ್ನ ಮುಖ ನೋಡಿದರು.

"ಸಾವಕಾಶ ಹೋಗ್ರಿ" ಎಂದರು.

"ಬರ್ತೇನ್ರಿ ಕಾಕಾ" ಎಂದೆ. ಅಷ್ಟೇ ಎಂದೆ.